ಮುಟ್ಟಬಾರದ ಹಸಿರು ಪೊಟ್ಟಣ

ಬೆಳಿಗ್ಗೆ ಎಂಟೂಕಾಲಿಗೆ ಕಾಲುಚೀಲ ಕಾರ್ಖಾನೆಯ ಒಡತಿ ಬೀಯುನ್ ಹಳೆಯ ಕಂಪ್ಯೂಟರಿನ ಮುಂದೆ ಕಲ್ಲಾಗಿ ನಿಂತಿದ್ದಳು. ತೀರಿಹೋದ ಗಂಡ ಇಪ್ಪತ್ತೆರಡು ವರ್ಷ ಕೂತು ಮಾಡಿದ್ದ ವಿನ್ಯಾಸಗಳೆಲ್ಲ ಮಾಯ. ಫೋಲ್ಡರೇ ಇಲ್ಲ. ನಾಳೆ ಮಧ್ಯಾಹ್ನದೊಳಗೆ ಮೂರು ಸಾವಿರ ಜೊತೆ ಶಾಲಾ ಕಾಲುಚೀಲ ಹೊರಡಬೇಕು. ತಪ್ಪಿದರೆ ಆ ಶಾಲೆಗಳೆಲ್ಲ ಪಕ್ಕದ ಕಾರ್ಖಾನೆಯ ಪಾಲು.

ನಮ್ಮ ಶೆಟೌ ಊರಿನಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಕರೆ ಬರುವುದು ನನ್ನ ಗಂಡ ಚುವಾಂಗ್‌ಗೆ. ಸ್ಕೂಟರಿನ ಹಿಂದೆ ಕೂತು ನಾನೂ ಹೋದೆ.

"ಇವನೇ ಅಳಿಸಿದ್ದು," ಬೀಯುನ್ ತಂತ್ರಜ್ಞ ಪೋಹಾನ್‌ನತ್ತ ಬೆರಳು ತೋರಿದಳು. "ನಿನ್ನೆ ಹೊಸ ಸಾಫ್ಟ್‌ವೇರ್ ಹಾಕೋಕೆ ಬಂದ. ಆರು ಜಿಬಿ ಜಾಗ ಬೇಕು, ಖಾಲಿ ಎರಡೇ ಇದೆ, ಹಳೇ ಕಸ ತೆಗೀತೀನಿ ಅಂದ. ನನ್ನ ಗಂಡನ ಕೆಲಸ ಕಸವಂತೆ."

"ನಾನು ತೆಗೆದದ್ದು ಹಳೇ ಅಪ್‌ಡೇಟುಗಳು ಅಷ್ಟೇ ಅಕ್ಕ. ಸಂಜೆ ಆರಕ್ಕೆ ಹೊರಟಾಗ ಫೋಲ್ಡರ್ ಇತ್ತು."

"ಆಮೇಲೆ ಇಲ್ಲಿ ಯಾರಿದ್ರು?" — ಚುವಾಂಗ್.

"ನಾನು. ಮತ್ತೆ ಲಾನ್ ಅಕ್ಕ," ಬೀಯುನ್ ಹೇಳಿದಳು.

ಮೂವತ್ತು ವರ್ಷದಿಂದ ಅಲ್ಲೇ ದುಡಿಯುವ ಲಾನ್ ಮೂಲೆಯಲ್ಲಿ ತಲೆ ಎತ್ತದೆ ದಾರ ಬಿಡಿಸುತ್ತಿದ್ದಳು.

"ಏನಕ್ಕ, ಮಾತೇ ಇಲ್ಲ?" ಚುವಾಂಗ್ ಕೇಳಿದ.

"ನಂಗೇನು ಗೊತ್ತಪ್ಪ ಕಂಪ್ಯೂಟರು? ಪೆನ್‌ಡ್ರೈವಲ್ಲಿ ವಿನ್ಯಾಸ ತಗೊಂಡು ಒಂದೊಂದು ಯಂತ್ರಕ್ಕೂ ಹಾಕ್ತಿದ್ದೆ. ಇನ್ಮೇಲೆ ಹೊಸ ಸಾಫ್ಟ್‌ವೇರಿಂದ ಎಲ್ಲಾ ತಂತೀಲೇ ಹೋಗುತ್ತಂತೆ."

ಚುವಾಂಗ್ ಪೋಹಾನ್‌ನತ್ತ ತಿರುಗಿದ. "ಆ ಫೋಲ್ಡರ್ ಎಷ್ಟು ಜಾಗ ತಿಂತಿತ್ತು?"

"ಎಲ್ಲಾ ಸೇರಿ ನಾಲ್ಕು ಫೋಟೋದಷ್ಟೂ ಇಲ್ಲ."

ಚುವಾಂಗ್‌ನ ಕಣ್ಣು ಕಂಪ್ಯೂಟರಿನ ತಲೆಯ ಮೇಲಿನ ಹಸಿರು ಪೊಟ್ಟಣದ ಮೇಲೆ ನಿಂತಿತು. ಯಂತ್ರ ಹೇಳಿದ ಮಾತು ಕೇಳಲಿ ಎಂದು ನಮ್ಮಲ್ಲಿ ಎಲ್ಲರೂ ಇಡುವ ತೆಂಗಿನ ರುಚಿಯ ಜೋಳದ ಕುರುಕಲು. ಮೇಲೆ ಅಚ್ಚಾದ ದಿನಾಂಕ ಮುಗಿಯುವವರೆಗೆ ಯಾರೂ ಮುಟ್ಟುವುದಿಲ್ಲ, ಬಿಚ್ಚುವುದಿಲ್ಲ.

ಅವನು ಕೈ ಚಾಚಿದ.

"ಮುಟ್ಟಬೇಡಿ," ಬೀಯುನ್ ಬೆದರಿದಳು. "ಇರೋದೂ ಕೆಟ್ಟೋದೀತು."

"ಇದನ್ನ ಬದಲಾಯಿಸೋರು ಯಾರು?"

"ಲಾನ್ ಅಕ್ಕನೇ. ಬೇರೆ ಯಾರೂ ಕೈ ಹಾಕಲ್ಲ."

"ದಿನಾಂಕಕ್ಕೆ ಇನ್ನೂ ಐದು ತಿಂಗಳಿದೆ. ಆದ್ರೆ ನೋಡಿ, ಬಲೂನಿನ ಹಾಗೆ ಉಬ್ಬಿರಬೇಕಾದದ್ದು ಸೊರಗಿ ಕೂತಿದೆ. ಗಾಳಿ ಎಲ್ಲಿ ಹೋಯ್ತು?"

ಪೊಟ್ಟಣವನ್ನು ತಿರುಗಿಸಿದ. ಹಿಂಬದಿಯ ಸೀಳಿಗೆ ಗಮ್ ಟೇಪು. ಅದನ್ನು ಕಿತ್ತ. ಒಳಗೆ, ತೆಂಗಿನ ಪುಡಿ ಮೆತ್ತಿದ ಕೆಂಪು ಪೆನ್‌ಡ್ರೈವ್.

ಲಾನ್‌ಳ ಕೈಯಿಂದ ದಾರದ ಉಂಡೆ ನೆಲಕ್ಕೆ ಬಿತ್ತು.

"ಜಾಗಕ್ಕೋಸ್ಕರ ಅಳಿಸಿದ್ದಾರೆ ಅಂತ ಎಲ್ಲರೂ ಅಂದ್ಕೊಂಡ್ರಿ," ಚುವಾಂಗ್ ಮೆತ್ತಗೆ ಹೇಳಿದ. "ಅದನ್ನ ಅಳಿಸಿದ್ರೆ ಜಾಗವೇ ಸಿಗಲ್ಲ. ಪೋಹಾನ್‌ಗೆ ಅದು ಗೊತ್ತು. ಹಾಗಾದ್ರೆ ತೆಗೆದೋರಿಗೆ ಬೇಕಾಗಿದ್ದು ಜಾಗ ಅಲ್ಲ, ವಿನ್ಯಾಸ. ದಿನಾ ಪೆನ್‌ಡ್ರೈವ್ ಹಿಡಿಯೋ ಕೈ, ಈ ಪೊಟ್ಟಣ ಮುಟ್ಟೋ ಧೈರ್ಯ ಇರೋ ಕೈ ಇಲ್ಲಿ ಒಂದೇ. ಅಲ್ವಾ ಲಾನ್ ಅಕ್ಕ?"

"ಯಜಮಾನ್ರ ಕೆಲಸ ನಾನು ಹಾಳು ಮಾಡ್ತೀನಾ?" ಲಾನ್ ಬೀಯುನ್‌ಳತ್ತ ತಿರುಗಿದಳು. "ತಂತಿ ಬಂದ್ಮೇಲೆ ನನ್ನ ಯಾರು ಕೇಳ್ತಾರೆ? ಎಲ್ಲಾ ನಿಂತುಹೋದ್ರೆ 'ಅಕ್ಕ, ನಿಂಗೇನಾದ್ರೂ ನೆನಪಿದ್ಯಾ' ಅಂತಾದ್ರೂ ಕೇಳ್ತೀರಿ, ಆಗ ತೆಗೆದುಕೊಡೋಣ ಅಂದ್ಕೊಂಡೆ. ನೀವು ನೇರ ಪೋಹಾನ್ ಮೇಲೆ ಹೋದ್ರಿ. ನಂಗೆ ಬಾಯೇ ಬರಲಿಲ್ಲ."

ಬೀಯುನ್ ಮೊದಲು ಪೋಹಾನ್‌ಗೆ ಕುರ್ಚಿ ಎಳೆದುಕೊಟ್ಟಳು. ಆಮೇಲೆ ಪೆನ್‌ಡ್ರೈವನ್ನು ಏಪ್ರನ್ನಿಗೆ ಒರೆಸಿ ಲಾನ್‌ಳ ಕೈಗಿಟ್ಟಳು.

"ಒಂದನೇ ಯಂತ್ರದಿಂದ ಶುರು ಮಾಡು. ಕಾಲುಚೀಲದ ಹಿಮ್ಮಡಿ ಹೆಣಿಗೆ ತಪ್ಪಿದ್ರೆ ತಂತಿಗೆ ಗೊತ್ತಾಗಲ್ಲ, ನಿಂಗೆ ಗೊತ್ತಾಗುತ್ತೆ."

ಲಾನ್ ಬಾಗಿಲು ತಲುಪುವಷ್ಟರಲ್ಲಿ ಬೀಯುನ್ ಮತ್ತೆ ಕೂಗಿದಳು:

"ಊಟದ ಹೊತ್ತಿಗೆ ಹಸಿರು ಪೊಟ್ಟಣ ಎರಡು ತಗೊಂಡು ಬಾ. ಒಂದು ಇಡೋಕೆ, ಒಂದು ಪೋಹಾನ್ ತಿನ್ನೋಕೆ."