ಬರಿಗೈ ಎವರಿಸ್ತೋಗೆ ಸಿಕ್ಕ ಪಚ್ಚೆ

ಮಂಗಳವಾರ, ಮಾರ್ಚ್ ಏಳು. ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಹೊಳೆಯಲ್ಲಿ ಕಲ್ಲು ಹುಡುಕುವ ಮುದುಕಿ ಒಫೆಲ್ಮಿನಾ ತನ್ನ ಪಚ್ಚೆ ಕಳುವಾಗಿದೆ ಎಂದು ಠಾಣೆಗೆ ಬಂದಳು. ಬೊಯಾಕಾ ಬೆಟ್ಟದ ಆ ಗಣಿಯೂರಿನಲ್ಲಿ ಪಚ್ಚೆ ಕಳೆದುಕೊಂಡವರು ಪೊಲೀಸರ ಬಳಿ ಬರುವುದು ಅಪರೂಪ. ನ್ಯಾಯವನ್ನು ತಾವೇ ತೀರಿಸಿಕೊಳ್ಳುವುದು ಅಲ್ಲಿನವರ ಕೆಟ್ಟ ಚಾಳಿ. ಇನ್‌ಸ್ಪೆಕ್ಟರ್ ಉಲ್ಪಿಯಾನೊ ಅವಳಿಗೆ ಬಿಸಿ ಬೆಲ್ಲದ ನೀರು ಕೊಡಿಸಿ ಎಫ್‌ಐಆರ್ ಬರೆಯತೊಡಗಿದ.

"ಎಲ್ಲಿಟ್ಟಿದ್ದೆ ಅಮ್ಮಾ?"

"ಕಲ್ಲಿನ ಬಿರುಕು ಮುಚ್ಚಲಿ ಅಂತ ಮೂರು ದಿನ ದೇವದಾರು ಎಣ್ಣೇಲಿ ನೆನೆಸಿ, ಒರೆಸಿ, ಕಾಗದದಲ್ಲಿ ಮಡಿಸಿ ಜೋಳದ ಡಬ್ಬೀಲಿಟ್ಟಿದ್ದೆ."

"ಯಾರಿಗೆ ಗೊತ್ತಿತ್ತು?"

"ಸಿಕ್ಕ ದಿನ ಇಡೀ ಹೊಳೆದಂಡೆಗೇ ತೋರಿಸಿದ್ನಲ್ಲ! ಕಣ್ಣು ಮಂಜಾಗ್ತಿದೆ ಸಾಹೇಬ್ರೇ. ಇನ್ನೊಂದು ಹುಡುಕೋಕೆ ನನ್ನಿಂದಾಗಲ್ಲ."

ಕಾನ್‌ಸ್ಟೇಬಲ್ ನೆಲ್ಸಿ ಅವಳ ಮನೆಗೆ ಹೋಗಿ ಪಂಚನಾಮೆ ಮಾಡಿದಳು. ಚಾವಣಿಯ ತಗಡು ಎದ್ದಿತ್ತು, ಬೇರೇನೂ ಹೋಗಿರಲಿಲ್ಲ. ಎರಡು ದಿನ ದಲ್ಲಾಳಿಗಳನ್ನೆಲ್ಲ ವಿಚಾರಿಸಿದರು. ಕಲ್ಲು ಮಾರಾಟಕ್ಕೆ ಬಂದಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಹೊಳೆಯ ಕಡೆಯಿಂದ ಕೂಗು ಕೇಳಿಸಿತು. ಯಾರಿಗೆ ಕಲ್ಲು ಸಿಕ್ಕರೂ ಅವರ ಹೆಸರು ಹಿಡಿದು ಎಲ್ಲರೂ ಕೂಗುವುದು ಅಲ್ಲಿಯ ರೂಢಿ. ಗಣಿಯಿಂದ ಹೊಳೆಗೆ ಬರುವ ಕರಿಗೆಸರನ್ನು ಇಪ್ಪತ್ತೆರಡು ವರ್ಷ ಜಾಲಾಡಿದರೂ ಒಂದು ಹರಳೂ ಸಿಗದೆ 'ಬರಿಗೈ' ಎಂದೇ ಕರೆಸಿಕೊಳ್ಳುತ್ತಿದ್ದ ಎವರಿಸ್ತೋನನ್ನು ಜನ ಹೆಗಲ ಮೇಲೆ ಹೊತ್ತಿದ್ದರು.

"ಬರಿಗೈಗೂ ಹಸಿರು ಬಂತಲ್ರೋ! ಎವರಿಸ್ತೋ! ಎವರಿಸ್ತೋ!"

ಉಲ್ಪಿಯಾನೊ ಅವನನ್ನು ಕೆಳಗಿಳಿಸಿದ. "ಎಲ್ಲಿ ಸಿಕ್ತು?"

"ಇದೇ ಗುಂಡೀಲಿ, ಈಗಷ್ಟೇ. ಹತ್ತು ಜನ ನೋಡಿದ್ದಾರೆ."

ಇನ್‌ಸ್ಪೆಕ್ಟರ್ ಕಲ್ಲಿನ ಮೇಲೆ ನೀರು ಸುರಿದ. ನೀರು ಹನಿಹನಿಯಾಗಿ ಜಾರಿಹೋಯಿತು. ಮೂಗಿನ ಹತ್ತಿರ ಹಿಡಿದ, ದೇವದಾರಿನ ವಾಸನೆ ಬಂತು.

"ಬೆಟ್ಟ ಯಾವಾಗಿಂದ ಎಣ್ಣೆ ಹಚ್ಚಿ ಕಲ್ಲು ಕೊಡೋಕೆ ಶುರುಮಾಡ್ತೋ?"

ಎಣ್ಣೆ ಹಾಕುವುದು ಕಲ್ಲು ಸಿಕ್ಕವರು ಮನೆಯಲ್ಲಿ ಮಾಡುವ ಕೆಲಸ. ಎವರಿಸ್ತೋಗೆ ಎಂದೂ ಆ ಕೆಲಸ ಬಿದ್ದಿರಲಿಲ್ಲ, ಹಾಗಾಗಿ ಅದು ಅವನ ತಲೆಗೇ ಹೊಳೆದಿರಲಿಲ್ಲ. ಅವನು ತಲೆ ತಗ್ಗಿಸಿದ. ಇಬ್ಬರು ಸಾಕ್ಷಿಗಳ ಮುಂದೆ ಮಹಜರು ಆಯಿತು. ಹನ್ನೊಂದೂಕಾಲಿಗೆ ಬಂಧನ.

"ಮಾರೋಕೆ ಕದ್ದೆಯಾ?"

"ಇಲ್ಲ ಸಾಹೇಬ್ರೇ. ಎಲ್ಲರ ಹೆಸರೂ ಒಂದಲ್ಲ ಒಂದು ದಿನ ಕೂಗಿದ್ದಾರೆ. ಎಲ್ಲರಿಗೂ ನಾನೇ ಗಂಟಲು ಹರ್ಕೊಂಡು ಕೂಗಿದ್ದೀನಿ. ನನ್ನ ಹೆಸರು ಮಾತ್ರ..."

ಉಲ್ಪಿಯಾನೊಗೆ ಪಾಪ ಅನಿಸಿತು. ಹೇಳಿಕೆಯನ್ನು ಹಾಗೆಯೇ ಬರೆದುಕೊಂಡ.

ಮಧ್ಯಾಹ್ನ ಕಲ್ಲು ಗುರುತಿಸಲು ಒಫೆಲ್ಮಿನಾ ಬಂದಳು. ಕಣ್ಣ ಹತ್ತಿರ ಹಿಡಿದು ನೋಡಿ ಹೌದೆಂದಳು, ಸಹಿ ಹಾಕಿದಳು. ಆದರೆ ಕುರ್ಚಿಯಿಂದ ಏಳಲಿಲ್ಲ.

"ಇವತ್ತು ನಾನೂ ಹೊಳೇಲಿದ್ದೆ ಸಾಹೇಬ್ರೇ. ದೂರದಲ್ಲಿದ್ದೆ, ಕಲ್ಲು ಕಾಣಿಸಲಿಲ್ಲ. ಅವನ ಹೆಸರು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ."