ಸೈಕಲ್ಲಿನ ಜಳಕ

‘ಟಣ್’ ಅಂದಿತು ಮೇಲಿನ ಪೈಪು. ‘ಟಣ್’ ಅಂದಿತು ಮುಂದಿನ ಪೈಪು. ನಸೀರುದ್ದೀನ ಚಾಚಾ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾವನ್ನು ಕೆಳಗಿಳಿಸಿ, ಸೀಟಿನ ಪೈಪಿನ ತಳಕ್ಕೆ ಮೆಲ್ಲಗೆ ಬಡಿದರು.

‘ಟಪ್.’

ಚಾಚಾನ ಕೈ ಅಲ್ಲೇ ನಿಂತಿತು. "ಕೇಳಿದೇನು ಬೇಟಿ?"

"ಕೇಳಿದೆರಿ. ಇಲ್ಲಿ ದನಿ ಬ್ಯಾರೆ ಬಂತು," ಅಂದಳು ಉಮಾಶ್ರೀ.

"ದನಿ ಬ್ಯಾರೆ ಬಂತಂದ್ರ ಒಳಗ ಏನೋ ಕುಂತದ."

ಶಹಾಪುರದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಾಚಾನ ಸೈಕಲ್ ಅಂಗಡಿ. ಉಮಾಶ್ರೀ ಮತ್ತು ಅವಳ ಅಪ್ಪ ತಾಯಪ್ಪ ಮುಂಜಾನೆಯ ಬಸ್ಸಿಗೆ ಸಗರದಿಂದ ಬಂದಿದ್ದರು. ಜೊತೆಗೆ ಒಂದು ಸೈಕಲ್ಲಿನ ಬರೀ ಮೈ ತಂದಿದ್ದರು. ಅದಕ್ಕೆ ಗಾಲಿ ಇಲ್ಲ, ಹ್ಯಾಂಡಲ್ ಇಲ್ಲ, ಸೀಟೂ ಇಲ್ಲ. ಬಸ್ಸಿನ ಕಂಡಕ್ಟರ್ ಅದನ್ನು ನೋಡಿ, "ಇದಕ್ಕ ಅರ್ಧ ಟಿಕೆಟ್ ಸಾಕ್ರಿ, ಇನ್ನಾ ಕಾಲು ಬಂದಿಲ್ಲ" ಅಂದಿದ್ದ.

ಅದು ಮಲ್ಲೇಶ್ವರಿ ಅತ್ತಿಯ ರೇಸ್ ಸೈಕಲ್ಲು. ಅಪ್ಪನ ಅಕ್ಕ ಅವಳು. ಮೂವತ್ತು ವರ್ಷದ ಹಿಂದೆ, ಹೈಸ್ಕೂಲಿನಲ್ಲಿದ್ದಾಗ, ವಿಜಯಪುರದವರೆಗೂ ಹೋಗಿ ರೇಸು ಗೆದ್ದು ಬಂದಿದ್ದಳು. ಅಂಗಡಿಯಲ್ಲಿ ಸಿಗುವ ರೇಸ್ ಸೈಕಲ್ಲುಗಳೆಲ್ಲ ಅವಳಿಗೆ ದೊಡ್ಡವಾಗುತ್ತಿದ್ದವು. ಆಗಿನ್ನೂ ಮೀಸೆ ಮೂಡುತ್ತಿದ್ದ ನಸೀರುದ್ದೀನ, ದರ್ಜಿಯ ಹಾಗೆ ಅವಳ ಕಾಲು, ಕೈ, ಬೆನ್ನಿಗೆ ದಾರ ಹಿಡಿದು ಗಂಟು ಹಾಕಿಕೊಂಡಿದ್ದ. ಆ ಗಂಟಿನ ಅಳತೆಗೆ ಉಕ್ಕಿನ ತೆಳ್ಳನೆಯ ಪೈಪು ಕೊಯ್ದು, ಹಿತ್ತಾಳೆ ಕರಗಿಸಿ ಬೆಸೆದಿದ್ದ. ಪೈಪುಗಳು ಕೂಡುವ ಕಡೆಯೆಲ್ಲ ಅರ ಹಾಕಿ ತಿದ್ದಿ, ವೀಳ್ಯದೆಲೆಯ ತುದಿಯಂತೆ ಚೂಪು ಮಾಡಿದ್ದ.

ಅತ್ತಿಯ ಮದುವೆಯಾಯಿತು. ಅವಳು ರಾಮಸಮುದ್ರಕ್ಕೆ ಹೋಗಿ ಟೀಚರ್ ಆದಳು. ಸೈಕಲ್ಲಿನ ಗಾಲಿ ಒಬ್ಬರ ಪಾಲಾಯಿತು, ಸೀಟು ಇನ್ನೊಬ್ಬರ ಪಾಲಾಯಿತು. ಮೈ ಮಾತ್ರ ಸಗರದ ಮನೆಯ ಗೋಡೆಯ ಗೂಟಕ್ಕೆ ತೂಗುತ್ತ ಉಳಿಯಿತು.

ಉಮಾಶ್ರೀ ಈಗ ಏಳನೇ ಇಯತ್ತೆ. ದಸರೆ ಮುಗಿದ ಮೇಲಿನ ರವಿವಾರ ಶಹಾಪುರದಲ್ಲಿ ಹುಡುಗಿಯರ ಸೈಕಲ್ ರೇಸು. ಹೋದ ವರ್ಷ ಅವಳು ಅಪ್ಪನ ದೊಡ್ಡ ಸೈಕಲ್ಲನ್ನು ಅಡ್ಡ ಪೈಪಿನ ಕೆಳಗೆ ಒಳಗಾಲು ಹಾಕಿ ತುಳಿದು, ಎಲ್ಲರಿಗಿಂತ ಹಿಂದೆ ಬಂದಿದ್ದಳು. ಅವಳ ಹಿಂದೆ ಓಡಿ ಬಂದದ್ದು ಒಂದು ನಾಯಿ ಮಾತ್ರ. "ಈ ವರ್ಷ ನಾಯಿದೂ ಹೆಸರು ಬರಸಿದೇನು?" ಎಂದು ಕ್ಲಾಸಿನ ಹುಡುಗಿಯರು ಇಂದಿಗೂ ಕೇಳುತ್ತಾರೆ. ಅವಳ ಅಳತೆಗೆ ಆಗಬಹುದಾದ ಸೈಕಲ್ಲು ಊರಿಗೆಲ್ಲ ಇದೊಂದೇ.

ಚಾಚಾ ನೆಲಕ್ಕೆ ಹಳೇ ಪೇಪರ್ ಹಾಸಿದರು. ಪೆಡಲ್ಲಿನ ಅಚ್ಚು ಕೂಡುವ ಗೂಡಿನ ಬಿಲ್ಲೆಯನ್ನು ಬಿಚ್ಚಿ, ಸೈಕಲ್ಲನ್ನು ಒರಗಿಸಿ ಅಲ್ಲಾಡಿಸಿದರು. ಮೊದಲು ಕೆಂಪು ಜಂಗು ಉದುರಿತು. ಆಮೇಲೆ ಗಟ್ಟಿಯಾದ ಕೆಸರು. ಕೆಸರಿನ ಜೊತೆ ಅಕ್ಕಿ ಕಾಳು, ಅರಿಸಿನ ಹಚ್ಚಿದ ಅಕ್ಕಿ ಕಾಳು. ಒಣಗಿ ದಾರದಂತಾದ ಚೆಂಡುಹೂವಿನ ಎಸಳು.

ಚಾಚಾ ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ತಾಯಪ್ಪ ಕೆಮ್ಮಿದ. ರಸ್ತೆಯ ಕಡೆ ಮುಖ ತಿರುಗಿಸಿದ.

ಉಮಾಶ್ರೀಗೆ ಥಟ್ಟನೆ ತಿಳಿಯಿತು. ಪ್ರತಿ ಮಹಾನವಮಿಗೆ ಮನೆಯಲ್ಲಿ ಖಂಡೆ ಪೂಜೆ. ಕುಡಗೋಲು, ಕೊಡಲಿ, ಕುರ್ಪಿ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತಾರೆ. ಆಯಿ, ಅಂದರೆ ಅಪ್ಪನ ತಾಯಿ ಗೊಲ್ಲಾಳಮ್ಮ, ಗೂಟದ ಮೇಲಿನ ಸೈಕಲ್ಲನ್ನೂ ಇಳಿಸುತ್ತಾಳೆ. ಕೂಸಿಗೆ ತಲೆಗೆರೆಯುವ ಹಾಗೆ ಒಂದು ತಂಬಿಗೆ ನೀರು ಸುರಿಯುತ್ತಾಳೆ. ವಿಭೂತಿ ಹಚ್ಚಿ, ಹೂ ಏರಿಸಿ, ಅಕ್ಷತೆ ಹಾಕುತ್ತಾಳೆ. ಸೀಟು ಇಲ್ಲದ ಪೈಪು ಬಾಯಿ ತೆರೆದುಕೊಂಡೇ ಇತ್ತು. ನೀರೂ ಅಕ್ಷತೆಯೂ ಅದರೊಳಗೆ ಹೋಗಿ, ಹೊರಗೆ ಬರಲು ದಾರಿ ಕಾಣದೆ ಅಲ್ಲೇ ಕುಳಿತಿದ್ದವು. ಒಂದಲ್ಲ ಎರಡಲ್ಲ, ಮೂವತ್ತು ಜಳಕ.

ಚಾಚಾ ಸ್ಕ್ರೂ ಡ್ರೈವರ್ ತುದಿಯಿಂದ ಪೈಪಿನ ತಳವನ್ನು ಒತ್ತಿದರು. ತುದಿ ಹಪ್ಪಳದೊಳಗೆ ಹೋದಂತೆ ಒಳಗೆ ಹೋಯಿತು.

"ಜಂಗು ಅರ್ಧ ಗೇಣು ತಿಂದು ಹಾಕ್ಯದ. ಹಿಂಗ ಹತ್ತಿದ್ರ ದಾರಿಯೊಳಗ ಮುರೀತದ."

"ಹಂಗಾದ್ರ ರೇಸಿಗಿ ಆಗಂಗಿಲ್ಲೇನ್ರಿ?" ಉಮಾಶ್ರೀಯ ದನಿ ಸಣ್ಣದಾಯಿತು.

"ಕೊಯ್ದು ಬ್ಯಾರೆ ತುಂಡು ಕೂಡಿಸಬೇಕು. ಇಷ್ಟು ತೆಳ್ಳನ ಪೈಪು ಈಗ ಯಾರು ಇಡತಾರ? ಹುಡುಕತೀನಿ. ಸಿಕ್ಕರ ರೇಸಿಗಿ ಆಗತದ. ಇಲ್ಲಂದ್ರ ಇಲ್ಲ."

ಚಾಚಾ ಜಂಗನ್ನೂ ಕೆಸರನ್ನೂ ಡಬ್ಬಿಗೆ ಸುರಿದರು. ಅಕ್ಕಿ ಕಾಳು, ಎಸಳುಗಳನ್ನು ಮಾತ್ರ ಆರಿಸಿ ತೆಗೆದು, ಅಂಗಡಿ ಮುಂದಿನ ಬೇವಿನ ಗಿಡದ ಬುಡಕ್ಕೆ ಇಟ್ಟು ಬಂದರು.

ಬಸ್ಸಿನಲ್ಲಿ ಉಮಾಶ್ರೀ ದಾರಿಯುದ್ದಕ್ಕೂ ಒಳಗೊಳಗೇ ಕುದಿಯುತ್ತಿದ್ದಳು. ಮನೆಗೆ ಹೋದವಳೇ ಆಯಿಗೆ ಹೇಳಿಬಿಡಬೇಕು, ನಿನ್ನಿಂದಲೇ ಕೆಟ್ಟದ್ದು ಅಂತ. ಮಾತನ್ನು ಜೋಡಿಸಿಟ್ಟುಕೊಂಡಳು.

ಆಯಿ ಹೊಸ್ತಿಲಲ್ಲೇ ಕುಳಿತಿದ್ದಳು. ಮೊರದ ತುಂಬ ತೊಗರಿ ಬೇಳೆ.

"ಬಂದ್ಯಾ ನನ್ನವ್ವ? ಏನಂದ ನಸೀರ? ಏನೂ ಆಗಿರಂಗಿಲ್ಲ ಬಿಡು ಅದಕ್ಕ. ನನ್ನ ಮಗಳನ್ನ ಹೊತ್ತು ತಿರುಗಿದ್ದದು. ಒಂದು ವರ್ಷ ತಪ್ಪಿಸದಂಗ ಜಳಕ ಮಾಡಿಸೀನಿ. ನನಗ ಚಳಿಜ್ವರ ಬಂದ ವರ್ಷಾನೂ ಬಿಟ್ಟಿಲ್ಲ."

ಜೋಡಿಸಿಟ್ಟ ಮಾತು ಉಮಾಶ್ರೀಯ ನಾಲಿಗೆಯ ತನಕ ಬಂದಿತ್ತು. ಬೇಳೆಯಲ್ಲಿ ಆಡುತ್ತಿದ್ದ ಆಯಿಯ ಸುಕ್ಕು ಬೆರಳುಗಳನ್ನು ನೋಡಿದಳು.

"ಸ್ವಲ್ಪ ರಿಪೇರಿ ಅದ ಅಂತ ಆಯಿ," ಅಂದಳು.

"ರಿಪೇರಿ? ಹೊರಗ ಒಂದು ಕಲೆ ಇಲ್ಲ ನೋಡು ಅದಕ್ಕ. ನಡಿ, ಮುಂದಿನ ಸಲ ನಾನೂ ಬರತೀನಿ. ನಾನೇ ಕೇಳತೀನಿ ಅವಂಗ."

ಉಮಾಶ್ರೀ ಅವಸರದಿಂದ ಮೊರಕ್ಕೆ ಕೈ ಹಾಕಿ ಬೇಳೆಯಲ್ಲಿನ ಕಲ್ಲು ಆರಿಸತೊಡಗಿದಳು.

ಎಂಟು ದಿನದ ಮೇಲೆ ಚಾಚಾನಿಂದ ಫೋನ್ ಬಂತು. ಪೈಪು ಸಿಕ್ಕಿದೆ. ಹುಡುಕಿದ್ದು ಊರೆಲ್ಲ, ಸಿಕ್ಕಿದ್ದು ತಮ್ಮದೇ ಅಂಗಡಿಯ ಜಂತಿಯ ಮೇಲೆ. ಅತ್ತಿಯ ಸೈಕಲ್ಲಿಗೆ ಕೊಯ್ದು ಉಳಿದ ತುಂಡು ಅದು. ಮರುದಿನ ಆಯಿ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಸ್ ಹತ್ತಿದಳು.

ಸೈಕಲ್ಲು ಅಂಗಡಿಯ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಸೀಟಿನ ಪೈಪಿನ ತಳಕ್ಕೆ ಹೊಸ ತುಂಡು ಕೂಡಿತ್ತು. ಬೆಸುಗೆಯ ಹಿತ್ತಾಳೆ ಸಣ್ಣ ಬಳೆಯಂತೆ ಹೊಳೆಯುತ್ತಿತ್ತು.

ಆಯಿ ಅದನ್ನು ಮುಟ್ಟಿ ನೋಡಿದಳು. "ಏನಾಗಿತ್ತಪಾ ನಸೀರ ಇದಕ್ಕ? ವರ್ಷಾ ಜಳಕ ಮಾಡಿಸೀನಿ, ಒಂದು ಕಣ ಧೂಳು ಕೂಡಗೊಟ್ಟಿಲ್ಲ."

ಉಮಾಶ್ರೀ ಚಾಚಾನ ಮುಖವನ್ನೇ ನೋಡಿದಳು. ಬೇಡ ಎಂದು ತಲೆಯಾಡಿಸಬೇಕೆನಿಸಿತು. ಆಡಿಸಲಾಗಲಿಲ್ಲ.

ಚಾಚಾ ಅರಿವೆಗೆ ಕೈ ಒರೆಸಿಕೊಂಡರು. "ನಿಮ್ಮದೇನಿಲ್ಲ ಅಮ್ಮಾ. ತಪ್ಪು ನಂದು. ತಳದಾಗ ಒಂದು ತೂತು ಇಡಬೇಕಾಗಿತ್ತು, ಇಟ್ಟಿರಲಿಲ್ಲ."

"ಮೂವತ್ತು ವರ್ಷಕ್ಕ ನೆಪ್ಪಾತೇನು?"

"ಆತ್ರಿ."

"ಆಗಲಿ, ಈಗರೆ ಹಾಕು. ನಾ ನೋಡತೀನಿ."

ಚಾಚಾ ಡ್ರಿಲ್ ತಂದು ಪೆಡಲ್ ಗೂಡಿನ ಅಡಿಯಲ್ಲಿ ತೂತು ಕೊರೆದರು. ಜೋಳದ ಕಾಳಿನಷ್ಟು ಸಣ್ಣದು. ಆಯಿ ಬಗ್ಗಿ ನೋಡಿ, "ಹೂಂ" ಅಂದು, ಚಹಾ ಕುಡಿಯಲು ಎದುರಿನ ಹೋಟೆಲ್ಲಿಗೆ ಹೋದಳು.

ಉಮಾಶ್ರೀ ಚಾಚಾನ ಹತ್ತಿರ ಸರಿದು ಕೇಳಿದಳು: "ಖರೇನೇ ಮರತಿದ್ರೇನ್ರಿ?"

"ಮರಿಯೋದೇನು ಬಂತು? ಸೈಕಲ್ಲಿಗಿ ಜಳಕ ಆಗತದ ಅಂತ ಆಗ ನನಗ ಗೊತ್ತಿರಲಿಲ್ಲ. ಈಗ ಗೊತ್ತಾಗ್ಯದ, ಹಾಕೀನಿ." ಚಾಚಾ ಕೈ ಚಾಚಿದರು. "ಆ ಪಾನಾ ಕೊಡು."

ಆಮೇಲೆ ಶಾಲೆಗೆ ರಜೆ ಇದ್ದ ದಿನವೆಲ್ಲ ಉಮಾಶ್ರೀ ಅಂಗಡಿಯಲ್ಲೇ. ಸೈಕಲ್ಲಿಗೆ ತೊಗರಿ ಹೂವಿನ ಹಳದಿ ಬಣ್ಣ ಬಿತ್ತು. ಅತ್ತಿ ತನ್ನ ಟ್ರಂಕಿನಲ್ಲಿ ಮುಚ್ಚಿಟ್ಟಿದ್ದ ಹ್ಯಾಂಡಲ್ಲನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು. ಚಾಚಾ ಹಳೇ ಗಾಲಿಗಳ ಕಡ್ಡಿ ಬಿಗಿದು ನೆಟ್ಟಗೆ ಮಾಡಿದರು. ಪೆಡಲ್ ಗೂಡಿಗೆ ಗ್ರೀಸು ತುಂಬಿ, ಉಕ್ಕಿನ ಸಣ್ಣ ಗುಂಡುಗಳನ್ನು ಒಂದೊಂದಾಗಿ ಕೂಡಿಸಿದವಳು ಉಮಾಶ್ರೀಯೇ.

"ಎಡಗಡಿ ಪೆಡಲ್ ಉಲ್ಟಾ ತಿರುಗಿಸಿ ಬಿಗೀಬೇಕು, ಜೋರು ಮಾಡಬ್ಯಾಡ," ಅಂದರು ಚಾಚಾ. ಅವಳು ಜೋರು ಮಾಡಲಿಲ್ಲ.

ಕೊನೆಗೆ ಚಾಚಾ ಅವಳ ಕಾಲಿಗೆ ದಾರ ಹಿಡಿದು, ಗಂಟು ಹಾಕಿ, ಆ ಗಂಟಿಗೆ ಸರಿಯಾಗಿ ಸೀಟು ಇಳಿಸಿದರು. ಅವಳು ಹತ್ತಿ ಓಣಿಯ ತುದಿಯವರೆಗೆ ಹೋಗಿ ಬಂದಳು. ಸೈಕಲ್ಲು ತನ್ನಷ್ಟಕ್ಕೇ ಮುಂದೆ ಓಡುತ್ತಿದೆ ಅನ್ನಿಸಿತು.

ಮಹಾನವಮಿ ಬಂತು. ರೇಸಿಗೆ ನಾಲ್ಕೇ ದಿನ. ಅಂಗಳದಲ್ಲಿ ಕುಡಗೋಲು, ಕೊಡಲಿಗಳ ಪಕ್ಕದಲ್ಲಿ ಹಳದಿ ಸೈಕಲ್ಲು ನಿಂತಿತ್ತು. "ರೇಸಿಗಿ ಹೊಂಟದೋ, ಮದಿವಿಗಿ ಹೊಂಟದೋ," ಅಂದ ತಾಯಪ್ಪ.

ಆಯಿ ತಾಮ್ರದ ತಂಬಿಗೆ ಹಿಡಿದು ಬಂದಳು, ತುಂಬಿದ ತಂಬಿಗೆ.

ಹೊಸ ಚೈನು. ಹೊಸ ಗ್ರೀಸು. ಉಮಾಶ್ರೀಯ ಕೈ ತಾನೇ ಮೇಲೆದ್ದಿತು.

"ಏನವಾ?" ಆಯಿ ತಂಬಿಗೆ ಎತ್ತಿಕೊಂಡೇ ಕೇಳಿದಳು.

ಉಮಾಶ್ರೀ ಎತ್ತಿದ ಕೈಯಿಂದ ಹ್ಯಾಂಡಲ್ ಹಿಡಿದಳು. ಸ್ಟ್ಯಾಂಡಿನ ಮೇಲೆ ವಾಲಿದ್ದ ಸೈಕಲ್ಲನ್ನು ನೆಟ್ಟಗೆ ಮಾಡಿದಳು. "ಏನಿಲ್ಲ ಆಯಿ. ಈಗ ಹಾಕು."

ನೀರು ಸೀಟಿನ ಮೇಲೆ ಬಿತ್ತು. ಹಳದಿ ಪೈಪುಗಳ ಮೇಲೆ ಹರಿಯಿತು. ಸ್ವಲ್ಪ ನೀರು ಸೀಟಿನ ಪೈಪಿನ ಹಿಂದಿನ ಸೀಳಿನೊಳಗೆ ಇಳಿದು ಕಾಣದಾಯಿತು. ಆಯಿ ಕಣ್ಣು ಮುಚ್ಚಿ ಶಿವನ ನಾಮ ಹೇಳುತ್ತ ವಿಭೂತಿ ಹಚ್ಚಿದಳು. ಅದೇ ಬೆರಳುಗಳಿಂದ ಉಮಾಶ್ರೀಯ ಹಣೆಗೂ ಹಚ್ಚಿದಳು.

ಉಮಾಶ್ರೀ ಹ್ಯಾಂಡಲ್ ಬಿಡದೆ ಬಗ್ಗಿ ಸೈಕಲ್ಲಿನ ಅಡಿಗೆ ನೋಡಿದಳು. ಜೋಳದ ಕಾಳಿನಷ್ಟು ತೂತು. ಅದರಿಂದ ಏನೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದಳು. ತೂತಿನ ಬಾಯಲ್ಲಿ ನೀರು ಗುಂಡಗಾಯಿತು, ತೂಗಿತು, ಬಿತ್ತು. ಹಿಂದೆಯೇ ಇನ್ನೊಂದು.

"ಏನ್ ನೋಡಾಕತ್ತಿ ಅಡಿಯಾಗ?"

"ನೀರು ಹೊರಗ ಬರಾಕತ್ತದ ಆಯಿ."

"ಬರಲಿ. ನಸೀರ ಅದಕ್ಕೇ ಹಾಕ್ಯಾನಲ್ಲ," ಅಂದು ಆಯಿ ಚೆಂಡುಹೂ ತರಲು ಒಳಗೆ ಹೋದಳು.

ಪಕ್ಕದ ಕಟ್ಟೆಯ ಮೇಲೆ ಒಣ ಅರಿವೆ ಇತ್ತು, ಎಣ್ಣೆಯ ಬಾಟಲಿಯೂ ಇತ್ತು. ಉಮಾಶ್ರೀ ಅವಸರ ಮಾಡಲಿಲ್ಲ. ಕೊನೆಯ ಹನಿ ಬೀಳುವ ತನಕ ಸೈಕಲ್ಲನ್ನು ನೆಟ್ಟಗೆ ಹಿಡಿದುಕೊಂಡೇ ನಿಂತಳು.