ನೀಲಿ ಬಣ್ಣದಾಚೆ ಉಳಿದ ಹೆಸರು

"ಈ ಮದುವೆ ಬೇಡ ರಮಿತಾ. ನೀನು ಬೇರೆ ಹುಡುಗನ್ನ ನೋಡು."

ಡೊಂಬಿವಲಿಯಲ್ಲಿ ತನ್ನ ಅಪ್ಪನ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತು ವಿಶಾಲ್ ಅಷ್ಟೇ ಹೇಳಿದ. ಹೋದ ವಾರ ಇದೇ ಟೇಬಲ್ಲಿನಲ್ಲಿ ಅವಳ ತಟ್ಟೆಯ ಬನ್ಸ್ ಕದ್ದು ಕಣ್ಣು ಮಿಟುಕಿಸಿದ್ದವನು, ಇವತ್ತು ಮುಖ ಎತ್ತಿ ನೋಡುತ್ತಲೂ ಇಲ್ಲ. ರಮಿತಾ ತಮಾಷೆ ಮಾಡಲು ನೋಡಿದಳು.

"ಎಂತ ಮಾರಾಯ, ಬೇರೆ ಯಾರಾದ್ರೂ ಸಿಕ್ಕಿದ್ಲಾ?"

ನಗಲಿಲ್ಲ ಪುಣ್ಯಾತ್ಮ. ಹೊರಗೆ ಮಳೆಮೋಡಕ್ಕೆ ಮಧ್ಯಾಹ್ನವೇ ಕತ್ತಲೆ ಕವಿದಿತ್ತು. ಲೋಕಲ್ ಟ್ರೈನು ಹೋದ ಹೊಡೆತಕ್ಕೆ ಗ್ಲಾಸುಗಳು ನಡುಗಿದವು. ಅವನು ಫೋನನ್ನು ಅವಳ ಮುಂದೆ ತಳ್ಳಿದ.

ಮದುವೆಗೆ ಮುಂಚಿನ ಚೆಕಪ್ಪಿಗೆಂದು ಇಬ್ಬರೂ ಮಾಜಿವಾಡಾದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದರು. ಅದರ ರಿಪೋರ್ಟು. ಮೇಲೆ ವಿಶಾಲ್ ಎಂಬ ಹೆಸರು. ಹಾಳಾದವರು ವಯಸ್ಸಿನ ಜಾಗ ಖಾಲಿ ಬಿಟ್ಟಿದ್ದರು. ಕೆಳಗೆ ಕೆಂಪಕ್ಷರ: ರಕ್ತದ ಕ್ಯಾನ್ಸರಿನ ಸಂಶಯ, ತಕ್ಷಣ ಡಾಕ್ಟರನ್ನು ಕಾಣಿ.

"ಅಪ್ಪಂಗೂ ಹೇಳ್ಲಿಲ್ಲ. ನಿನ್ನನ್ನು ಯಾಕೆ ಇದರಲ್ಲಿ ಎಳೀಲಿ?"

"ಬಾಯಿ ಮುಚ್ಚು! ನಾನು ಇರ್ಬೇಕಾ ಬೇಡ್ವಾ ಅಂತ ಹೇಳ್ಲಿಕ್ಕೆ ನೀನ್ಯಾರು?"

ಬೈದಳೇನೋ ನಿಜ. ಘೋಡಬಂದರ್ ರಸ್ತೆಯಲ್ಲಿ ಇಬ್ಬರೂ ಸೇರಿ ನೋಡಿಟ್ಟ ಮನೆಯಲ್ಲಿ ಇವನಿಲ್ಲದೆ ಒಂದು ದಿನವನ್ನೂ ಊಹಿಸಲು ಅವಳಿಂದಾಗಲಿಲ್ಲ.

ಅವನ ಫೋನಿನಲ್ಲಿ ಲ್ಯಾಬಿನ ಮೆಸೇಜನ್ನು ತೆರೆದಳು. ಐರೋಲಿಯ ಆಫೀಸಿನಲ್ಲಿ ದಿನವಿಡೀ ವೆಬ್‌ಸೈಟುಗಳ ತಪ್ಪು ಹುಡುಕುವ ಕಣ್ಣು ಅವಳದು. ರಿಪೋರ್ಟಿನ ಲಿಂಕಿನ ಕೊನೆಗೆ ಹೆಸರು ಸೇರಿಸಿದ್ದರು, ಆದರೆ ಅದರ ನೀಲಿ ಬಣ್ಣ 'ವಿಶಾಲ್' ಎಂಬಲ್ಲಿಗೇ ನಿಂತಿತ್ತು. ಆಮೇಲಿನ '& ರಮಿತಾ' ಬರೀ ಕಪ್ಪಕ್ಷರ.

"ಲ್ಯಾಬಿನಲ್ಲಿ ಹೆಸರು ಹೇಗೆ ಬರೆಸಿದ್ದೆ?"

"ನೀನೂ ಇದ್ದಿಯಲ್ಲ. ಮದುವೆ ಕಾಗದದ ಹಾಗೆ ಇಬ್ಬರದ್ದೂ ಒಟ್ಟಿಗೆ ಬರೀರಿ ಅಂದೆ."

ಹೌದು. ಹಾಗೆಂದು ಓರೆಗಣ್ಣಿನಲ್ಲಿ ಇವಳನ್ನು ನೋಡಿದ್ದ. ಇವಳು ನಾಚಿ ದುಪಟ್ಟಾದ ತುದಿ ಸುತ್ತಿದ್ದಳು.

"ಹೆಸರಿನ ಮಧ್ಯೆ ಸ್ಪೇಸ್ ಬಂದಲ್ಲಿ ಲಿಂಕ್ ತುಂಡಾಗಿದೆ ಮಾರಾಯ! & ಬಂದ್ರಂತೂ ಲ್ಯಾಬಿನ ಕಂಪ್ಯೂಟರಿಗೆ ಹೆಸರು ಅಲ್ಲಿಗೇ ಮುಗೀತದೆ. ಇದು ಬೇರೆ ಯಾವನೋ ವಿಶಾಲನ ಫೈಲು ಇರ್ಬೇಕು."

ಸ್ಪೇಸಿನ ಜಾಗಕ್ಕೆ %20, &ಗೆ ಬದಲು %26 ಎಂಬ ಕಂಪ್ಯೂಟರ್ ಸಂಕೇತ ಹಾಕಿ ತನ್ನ ಹೆಸರನ್ನೂ ಲಿಂಕಿಗೆ ಸೇರಿಸಿದಳು. ಒತ್ತಲು ಮಾತ್ರ ಬೆರಳು ಏಳಲಿಲ್ಲ. ಇದರಲ್ಲೂ ಅದೇ ಕೆಂಪಕ್ಷರ ಇದ್ದರೆ?

"ಒತ್ತು," ಎಂದ ವಿಶಾಲ್. "ಎಂತ ಬಂದ್ರೂ ನಿನ್ನನ್ನು ಬಿಡ್ಲಿಕ್ಕೆ ನನ್ನಿಂದಾಗೂದಿಲ್ಲ. ಬೆಳಗ್ಗಿಂದ ಅದಕ್ಕೇ ಅಳ್ತಾ ಇದ್ದೇನೆ."

ಒತ್ತಿದಳು. ಎರಡು ಹೆಸರು ಒಟ್ಟಿಗೆ ಬಂದವು. ಎರಡರ ಕೆಳಗೂ ಎಲ್ಲ ಸರಿಯಿತ್ತು.

ಗಿರಾಕಿಗಳು ನೋಡುತ್ತಿದ್ದರೂ ರಮಿತಾ ಅತ್ತೇಬಿಟ್ಟಳು. ಅವನು ಅವಳ ಕೈ ಹಿಡಿದು ನಕ್ಕ. ಆದರೆ ಮೊದಲಿನ ರಿಪೋರ್ಟು ಕಣ್ಣಿಗೆ ಬಿದ್ದದ್ದೇ ನಗು ಆರಿತು.

"ರಮಿತಾ, ಈ ಇನ್ನೊಬ್ಬ ವಿಶಾಲನಿಗೆ ಗೊತ್ತುಂಟಾ? ಇವನಿಗೂ ಒಬ್ಬಳು ಇರ್ಬಹುದಲ್ಲ?"

ಅವಳು ಕಣ್ಣೊರೆಸಿಕೊಂಡು ಲ್ಯಾಬಿಗೆ ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಇನ್ನೊಂದು ಕೈಯಲ್ಲಿ ವಿಶಾಲನ ಕೈಯನ್ನು ಅವಳು ಬಿಡಲೇ ಇಲ್ಲ.